ಹನ್ನೆರಡು ದಳದ ಚಾಲುಕ್ಯ ಸೈನ್ಯ: ಆಟದ ಪಟ್ಟಿ ಮತ್ತು ಶಾಸನದ ಸಾಕ್ಷ್ಯ

ಕಳೆದ ವರ್ಷ ಒಂದು ಶನಿವಾರ-ಭಾನುವಾರ ಬೆಂಗಳೂರಿನಲ್ಲಿ ನಡೆದ ಸಣ್ಣದೊಂದು ಪಂದ್ಯಾವಳಿಗೆ ಯಾದಗಿರಿಯಿಂದ ರಾತ್ರಿ ರೈಲು ಹತ್ತಿದ್ದೆ. ಕೈಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಕಲ್ಯಾಣ ಚಾಲುಕ್ಯರ ಸೈನ್ಯ. ಒಬ್ಬ ಸೈನಿಕನ ಎತ್ತರ 15 ಮಿಲಿಮೀಟರ್. ಆನೆ ಮಾತ್ರ ಸ್ವಲ್ಪ ದೊಡ್ಡದು. ಟಿಕೆಟ್ ನೋಡಲು ಬಂದ ಟಿಸಿ "ಏನ್ರಿ ಇದು, ಗೊಂಬಿ ಮಾರ್ತೀರೇನು?" ಅಂತ ಕೇಳಿದರು. ಶಾಸನ ಓದುವವನು ಗೊಂಬೆ ಹಿಡಿದು ಹೊರಟಿದ್ದೇಕೆ ಎಂದು ಈ ತಾಣದ ಓದುಗರೂ ಕೇಳಬಹುದು. ಉತ್ತರ ಇಷ್ಟೇ: ಆ ಸೈನ್ಯವನ್ನು ಕಟ್ಟುವಾಗ ಹುಟ್ಟಿದ ಪ್ರಶ್ನೆಗಳಿಗೆ ಆಟದ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಶಾಸನಗಳ ಹತ್ತಿರ ಹೋಗಬೇಕಾಯಿತು. ಹೋದ ಮೇಲೆ ಆಟವೂ ಬೇರೆಯಾಗಿ ಕಂಡಿತು, ನಾನು ಹತ್ತಾರು ಸಲ ನೋಡಿದ್ದ ವೀರಗಲ್ಲುಗಳೂ ಬೇರೆಯಾಗಿ ಕಂಡವು.

ಆಟದ ವಿಷಯ ಮೊದಲು ಹೇಳಿಬಿಡುತ್ತೇನೆ. ಇದರ ಹೆಸರು 'ಡೆ ಬೆಲ್ಲಿಸ್ ಆಂಟಿಕ್ವಿಟಾಟಿಸ್', ಚಿಕ್ಕದಾಗಿ ಡಿಬಿಎ. ಇಂಗ್ಲೆಂಡಿನ ಫಿಲ್ ಬಾರ್ಕರ್ ಮತ್ತು ಅವರ ಬಳಗ 1990ರಲ್ಲಿ ಹೊರತಂದ ನಿಯಮಗಳು. ಮೇಜಿನ ಮೇಲೆ ಎರಡು ಅಡಿ ಚೌಕದ ನೆಲ, ಎರಡೂ ಕಡೆ ಹನ್ನೆರಡು ಹನ್ನೆರಡು ದಳ. ಒಂದು ದಳ ಅಂದರೆ 40 ಮಿಲಿಮೀಟರ್ ಅಗಲದ ರಟ್ಟಿನ ಮೇಲೆ ಅಂಟಿಸಿದ ಒಂದು ಆನೆ, ಇಲ್ಲವೇ ಮೂರು ಕುದುರೆ, ಇಲ್ಲವೇ ನಾಲ್ಕು ಬಿಲ್ಲುಗಾರರು. ಪ್ರತಿ ಸರದಿಗೂ ದಾಳ ಉರುಳಿಸಬೇಕು. ಬಿದ್ದಷ್ಟು ಅಂಕಕ್ಕೆ ತಕ್ಕಷ್ಟು ದಳಗಳನ್ನು ಮಾತ್ರ ಕದಲಿಸಬಹುದು. ಎದುರಾಳಿಯ ನಾಲ್ಕು ದಳ ಹೊಡೆದರೆ, ಮತ್ತು ನಾವು ಅದಕ್ಕಿಂತ ಕಡಿಮೆ ಕಳೆದುಕೊಂಡಿದ್ದರೆ, ಗೆದ್ದ ಹಾಗೆ. ಒಂದು ತಾಸಿನೊಳಗೆ ಮುಗಿಯುತ್ತದೆ. ಸುಮೇರಿಯನ್ನರಿಂದ ಹಿಡಿದು ಮಧ್ಯಯುಗದ ಕೊನೆಯವರೆಗಿನ ನೂರಾರು ಸೈನ್ಯಗಳ ಪಟ್ಟಿ ಪುಸ್ತಕದಲ್ಲಿದೆ. ನಮ್ಮ ಪಾಲಿಗೆ ಬಂದದ್ದು 'ಕ್ಲಾಸಿಕಲ್ ಇಂಡಿಯನ್', ಅದರ ನಂತರ 'ಹಿಂದೂ ಇಂಡಿಯನ್'. ಪಟ್ಟಿಗಳ ನಡುವಿನ ಗೆರೆ ಬೀಳುವುದು ಸುಮಾರು ಆರನೆಯ ಶತಮಾನದ ಮಧ್ಯದಲ್ಲಿ. ಗೆರೆಯ ಈಚೆಗೆ ಸಾವಿರ ವರ್ಷ, ಇಡೀ ದಕ್ಖನ್ನು, ಎಲ್ಲ ರಾಜವಂಶಗಳೂ ಹೆಚ್ಚುಕಡಿಮೆ ಒಂದೇ ಚೀಲದಲ್ಲಿ.

ನನಗೆ ಬೇಕಾಗಿದ್ದದ್ದು ನಮ್ಮ ಸೀಮೆಯ ಸೈನ್ಯ. ಶಹಾಪುರ, ಸುರಪುರಗಳನ್ನು ಇಂದಿಗೂ ಸಗರನಾಡು ಅನ್ನುತ್ತಾರೆ. ಶಾಸನಗಳಲ್ಲಿ ಅದು 'ಸಗರ ಮುನ್ನೂರು'. ಶಾಸನಗಳ ಏತಗಿರಿ ಈ ಯಾದಗಿರಿಯೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ರಾಷ್ಟ್ರಕೂಟರ ಮಳಖೇಡ ನಮ್ಮ ನೆರೆಯದು, ಚಾಲುಕ್ಯರ ಕಲ್ಯಾಣ ಉತ್ತರಕ್ಕೆ ಬೀದರ್ ಸೀಮೆಯಲ್ಲಿ. ಶಹಾಪುರದ ಹತ್ತಿರದ ಶಿರವಾಳದಲ್ಲಿ ಆ ಕಾಲದ ಗುಡಿಗಳ ಒಂದು ಊರೇ ಇದೆ. ಪಿ. ಬಿ. ದೇಸಾಯಿಯವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು 1958ರಲ್ಲಿ ಪುಸ್ತಕವಾಗಿ ಕೊಟ್ಟಾಗಿನಿಂದ ಈ ಭಾಗದ ಶಾಸನಗಳನ್ನು ಕೂತಲ್ಲೇ ಓದಲು ಸಾಧ್ಯವಾಗಿದೆ. ನನ್ನಂಥ ತಾನೇ ಕಲಿತವನಿಗೆ ಅಂಥ ಸಂಪುಟಗಳೇ ಗುರು.

ರಥ ಎಲ್ಲಿ?

ಪಂದ್ಯದ ಮೊದಲ ದಿನವೇ ಒಬ್ಬ ಹುಡುಗ ನನ್ನ ಡಬ್ಬಿಯೊಳಗೆ ಇಣುಕಿ, "ಸರ್, ಇಂಡಿಯನ್ ಆರ್ಮಿ ಅಂತೀರ, ರಥಾನೇ ಇಲ್ವಲ್ಲ?" ಅಂದ. ಒಳ್ಳೆಯ ಪ್ರಶ್ನೆ. ಚತುರಂಗ ಬಲ ಅಂದರೆ ಆನೆ, ರಥ, ಕುದುರೆ, ಕಾಲಾಳು. ಮಹಾಭಾರತದ ಲೆಕ್ಕದಲ್ಲಿ ಒಂದು 'ಪತ್ತಿ'ಗೆ ಒಂದು ಆನೆ, ಒಂದು ರಥ, ಮೂರು ಕುದುರೆ, ಐವರು ಕಾಲಾಳು. ಇದನ್ನೇ ಬೆಳೆಸುತ್ತ ಹೋದರೆ ಅಕ್ಷೌಹಿಣಿಗೆ 21,870 ರಥ. ಕಾವ್ಯಗಳು, ಪ್ರಶಸ್ತಿಗಳು ಈ ನಾಲ್ಕು ಅಂಗಗಳ ಮಾತನ್ನು ಬಿಟ್ಟುಕೊಟ್ಟದ್ದೇ ಇಲ್ಲ.

ಆದರೆ ಸಂಬಳ ತಿನ್ನುವ ಅಧಿಕಾರಿಗಳ ಹೆಸರುಗಳನ್ನು ನೋಡಿ. ಚಾಲುಕ್ಯ ಶಾಸನಗಳಲ್ಲಿ ದಂಡನಾಯಕರಿದ್ದಾರೆ, ಸಂಧಿವಿಗ್ರಹಿಗಳಿದ್ದಾರೆ, ಆನೆ-ಕುದುರೆಗಳ ಉಸ್ತುವಾರಿ ನೋಡುವ ಸಾಹಣಿಗಳಿದ್ದಾರೆ. ರಥದ ಸಾಹಣಿಯನ್ನು ನಾನು ಓದಿದ ಶಾಸನಗಳಲ್ಲಿ ಕಂಡಿಲ್ಲ. ನಾನು ಅಳತೆ ತೆಗೆದುಕೊಂಡ ವೀರಗಲ್ಲುಗಳ ಕೆಳಗಿನ ಪಟ್ಟಿಕೆಯಲ್ಲೂ ಯುದ್ಧರಥ ಕಂಡಿಲ್ಲ. ಆನೆ ಉಂಟು, ಕುದುರೆ ಉಂಟು, ಬಿಲ್ಲು, ಕತ್ತಿ, ಗುರಾಣಿ ಉಂಟು. ಹೊಗಳುವ ಭಾಷೆ ಒಂದು, ಲೆಕ್ಕ ಇಡುವ ಭಾಷೆ ಇನ್ನೊಂದು. ಸೈನ್ಯ ಕಟ್ಟುವವನು ಎರಡನೆಯದನ್ನು ನಂಬಬೇಕು.

ಸ್ವಾರಸ್ಯ ಏನೆಂದರೆ ರಥ ಉಳಿದದ್ದು ಆಟದಲ್ಲಿ. ಹರ್ಷನ ಆಸ್ಥಾನದ ಬಾಣ, ರಾಜ್ಯದಲ್ಲಿ ಶಾಂತಿ ಎಷ್ಟಿತ್ತು ಎಂದು ಹೇಳಲು ಚದುರಂಗವನ್ನು ಎಳೆದು ತರುತ್ತಾನೆ: ಚತುರಂಗ ಬಲ ಉಳಿದಿದ್ದದ್ದು ಆಟದ ಹಾಸಿನಲ್ಲಿ ಮಾತ್ರ ಎಂಬಂಥ ಶ್ಲೇಷೆ ಅದು. ಅದೇ ಹರ್ಷನ ಆನೆಗಳು ಕಾಳಗದಲ್ಲಿ ಬಿದ್ದವೆಂದು ನಮ್ಮ ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನದಲ್ಲಿ ರವಿಕೀರ್ತಿ 634ರಲ್ಲಿ ಹೇಳುತ್ತಾನೆ. ಅವನೂ ಹರ್ಷನ ಹೆಸರಿನ ಮೇಲೆಯೇ ಶ್ಲೇಷೆ ಆಡುತ್ತಾನೆ. ಐದು ಶತಮಾನ ಕಳೆದ ಮೇಲೆ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ವಿನೋದಗಳ ಭಾಗ ಬರೆಯುವಾಗ ಚದುರಂಗಕ್ಕೆ ಜಾಗ ಕೊಡುತ್ತಾನೆ. ಹಾಸಿನ ಮೇಲೆ ರಥ ಇದ್ದೇ ಇದೆ. ದಂಡಿನ ಖರ್ಚು ಕೊಡುತ್ತಿದ್ದ ರಾಜನೇ ಬರೆದ ಪುಸ್ತಕ ಅದು. ಆಟಗಳು ಹಳೆಯ ಸೈನ್ಯವನ್ನು ಹೀಗೆ ಕಾಪಿಟ್ಟುಕೊಳ್ಳುತ್ತವೆ. ಆದ್ದರಿಂದ ಆಟದ ಕಾಯಿ ನೋಡಿ ರಣರಂಗ ಹೀಗಿತ್ತು ಅನ್ನಬಾರದು. ಹುಡುಗನಿಗೆ ಇದನ್ನೇ ಚಿಕ್ಕದಾಗಿ ಹೇಳಿದೆ. "ಹಂಗಾದ್ರೆ ನೀವು ಈಗ ಆಡ್ತಿರೋದೂ ಅದೇ ತಾನೇ ಸರ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆನೆಯ ಮೇಲೆ ಕೂತ ಸೇನಾಪತಿ

ನಿಯಮದ ಪ್ರಕಾರ ಒಂದು ದಳ ಸೇನಾಪತಿಯದು. ಅವನನ್ನು ಕುದುರೆಯ ಮೇಲೆ ಕೂಡಿಸಬೇಕೋ ಆನೆಯ ಮೇಲೋ ಎಂಬುದು ನಮ್ಮ ಆಯ್ಕೆ. ಆನೆ ಎದುರಿನ ಕಾಲಾಳುಗಳ ಸಾಲು ಮುರಿಯುತ್ತದೆ. ಆದರೆ ಕದಲಿಸಲು ಹೆಚ್ಚಿನ ಅಂಕ ಬೇಕು, ಜೊತೆಗೆ ಈಟಿ ಎಸೆದು ಓಡುವ ಹಗುರ ಸೈನಿಕರ ಕೈಲಿ ಸೋತರೆ ಅಲ್ಲಿಗೆ ಮುಗಿಯಿತು. ಇದು ಲೆಕ್ಕಾಚಾರದ ಮಾತಾದರೂ ಶಾಸನ ಓದಿದವನಿಗೆ ಎರಡು ಸಾವು ನೆನಪಾಗದೆ ಇರುವುದಿಲ್ಲ.

ಮೊದಲನೆಯದು ತಕ್ಕೋಲದ ಕಾಳಗ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಗಂಗರ ಬೂತುಗ, ಎದುರಿಗೆ ಚೋಳ ರಾಜಾದಿತ್ಯ. ಶಕ 872, ಅಂದರೆ 949-50ರ ಆತಕೂರು ಶಾಸನದ ಪ್ರಕಾರ ಬೂತುಗ ಆನೆಯ ಮೇಲಿನ ಆಸನವನ್ನೇ ಕಾಳಗದ ಕಣ ಮಾಡಿಕೊಂಡು ರಾಜಾದಿತ್ಯನನ್ನು ಕೊಂದ. ಎರಡನೆಯದು ಒಂದು ಶತಮಾನದ ನಂತರ, ಸುಮಾರು 1054ರಲ್ಲಿ, ಕೊಪ್ಪಂನಲ್ಲಿ. ಎದುರಿಗೆ ನಮ್ಮ ಆಹವಮಲ್ಲ ಸೋಮೇಶ್ವರ. ಚೋಳ ರಾಜಾಧಿರಾಜ ಆನೆಯ ಮೇಲೆಯೇ ಸತ್ತ. ತಮಿಳು ಶಾಸನಗಳು ಅವನನ್ನು 'ಆನೆಯ ಮೇಲೆ ಮಡಿದ ದೇವ' ಎಂದೇ ಕರೆಯುತ್ತವೆ. ಆದರೆ ಸೈನ್ಯ ಚದುರಲಿಲ್ಲ. ಅವನ ತಮ್ಮ ಎರಡನೆಯ ರಾಜೇಂದ್ರ ರಣರಂಗದಲ್ಲೇ ಕಿರೀಟ ಇಟ್ಟುಕೊಂಡು ಕಾಳಗವನ್ನು ತಿರುಗಿಸಿದನೆಂದು ಚೋಳರ ಕಡೆಯ ದಾಖಲೆ.

ಎಲ್ಲರಿಗೂ ಕಾಣಲಿ ಅಂತ ಎತ್ತರದಲ್ಲಿ ಕೂರುತ್ತಿದ್ದರು. ಎಲ್ಲರಿಗೂ ಅಂದರೆ ಎದುರಿನ ಬಿಲ್ಲುಗಾರನಿಗೂ. ಇಷ್ಟೆಲ್ಲ ಗೊತ್ತಿದ್ದೂ ನಾನು ಸೇನಾಪತಿಯನ್ನು ಆನೆಯ ಮೇಲೇ ಕೂಡಿಸಿದೆ. ಎದುರಿಗಿದ್ದದ್ದು ರೋಮನ್ ಸೈನ್ಯ (ಪಂದ್ಯಾವಳಿಯಲ್ಲಿ ಸಾವಿರ ವರ್ಷದ ಅಂತರ ಯಾರೂ ಕೇಳುವುದಿಲ್ಲ). ಮೂರನೆಯ ಸರದಿಗೆ ಈಟಿಯ ಇಬ್ಬರು ಹುಡುಗರು ನನ್ನ ಆಹವಮಲ್ಲನನ್ನು ಕೆಡವಿದರು. ನನ್ನ ಮೇಜಿನ ಮೇಲೆ ಕಿರೀಟ ಇಟ್ಟುಕೊಳ್ಳಲು ತಮ್ಮ ಯಾರೂ ಇರಲಿಲ್ಲ.

ಹಗುರ ಸೈನಿಕರ ವಿಷಯ ಬಂದಾಗ ಸುರಪುರದವರಿಗೆ ಬೇರೆಯೇ ನೆನಪಾಗುತ್ತದೆ. ಅರ್ಥಶಾಸ್ತ್ರ ಸೈನ್ಯವನ್ನು ಆರು ಬಗೆಯಾಗಿ ಹೇಳುತ್ತದೆ: ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವೀ. ಪೀಳಿಗೆಯಿಂದ ಬಂದವರು, ಕೂಲಿಯವರು, ಸಂಘದವರು, ಗೆಳೆಯ ರಾಜನವರು, ಶತ್ರುವಿನಿಂದ ಬಂದವರು, ಕಾಡಿನವರು. ಆಟದ ಪುಸ್ತಕ ಆಯುಧ ನೋಡಿ ವಿಂಗಡಿಸುತ್ತದೆ. ಹಳೆಯ ಪುಸ್ತಕ ಯಾರ ಅನ್ನ ತಿಂದವರು ಎಂದು ನೋಡಿ ವಿಂಗಡಿಸುತ್ತದೆ. ಶಾಸನದ 'ಜೋಳವಾಳಿ' ಎಂಬ ಮಾತೂ ಅದೇ, ಉಂಡ ಜೋಳದ ಋಣ. ಜೋಳದ ಸೀಮೆಯಲ್ಲಿ ಹುಟ್ಟಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ವಿಂಗಡಣೆಯಲ್ಲಿ ಕಾಡಿನವರು ಯಾವಾಗಲೂ ಕೊನೆಗೆ. ಆದರೆ 1705ರಲ್ಲಿ ಮುಪ್ಪಿನ ಔರಂಗಜೇಬ ತಾನೇ ಬಂದು ಮುತ್ತಿಗೆ ಹಾಕಬೇಕಾಗಿ ಬಂದದ್ದು ಸುರಪುರದ ಬೇಡ ನಾಯಕರ ವಾಗಣಗೇರಿಗೆ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಸಿಕ್ಕಿತು, ಪೀಡನಾಯಕ ಸಿಗಲಿಲ್ಲ. ಯಾವ ಪಟ್ಟಿಯಲ್ಲಿ ಯಾರನ್ನು ಎಷ್ಟನೆಯವರಾಗಿ ಬರೆದಿದ್ದಾರೆ ಎನ್ನುವುದು ಬರೆದವರು ಎಲ್ಲಿ ನಿಂತಿದ್ದರು ಎಂಬುದರ ಮೇಲೆ ಹೋಗುತ್ತದೆ.

ಒಂಬತ್ತು ಲಕ್ಷ

ಹನ್ನೆರಡು ದಳ ಎಷ್ಟು ಜನರ ಲೆಕ್ಕ? ಇಲ್ಲಿ ನನ್ನೊಳಗಿನ ಇಂಜಿನಿಯರ್ ಎದ್ದು ಕೂರುತ್ತಾನೆ. ಹಾವೇರಿ ಸೀಮೆಯ ಹೊಟ್ಟೂರಿನ ಶಾಸನ, ಶಕ 929, ಅಂದರೆ 1007ನೇ ಇಸವಿ, ಇರಿವಬೆಡಂಗ ಸತ್ಯಾಶ್ರಯನ ಕಾಲದ್ದು. ಚೋಳ ಒಂಬತ್ತು ಲಕ್ಷ ದಂಡಿನೊಡನೆ ಬಂದು ನಾಡನ್ನು ಹಾಳುಮಾಡಿದ, ಹೆಂಗಸರು ಮಕ್ಕಳನ್ನೂ ಬಿಡಲಿಲ್ಲ ಎಂದು ಅದು ಹೇಳುತ್ತದೆ.

ಒಂಬತ್ತು ಲಕ್ಷ ಜನ ನಾಲ್ಕು ನಾಲ್ಕು ಜನರ ಸಾಲಾಗಿ, ಸಾಲಿಗೆ ಒಂದೇ ಮೀಟರ್ ಜಾಗ ಬಿಟ್ಟು ನಡೆದರೆ ಉದ್ದ 225 ಕಿಲೋಮೀಟರ್. ತಲೆ ಯಾದಗಿರಿಯಲ್ಲಿದ್ದರೆ ಬಾಲ ಹೈದರಾಬಾದ್ ದಾಟಿರುತ್ತದೆ. ದಿನಕ್ಕೆ 15 ಕಿಲೋಮೀಟರ್ ನಡೆದರೂ ಮುಂದಿನವನು ಬೀಡು ಬಿಟ್ಟ ಜಾಗಕ್ಕೆ ಕೊನೆಯವನು ಬರಲು 15 ದಿನ ಬೇಕು. ತಲೆಗೆ ಒಂದು ಕಿಲೋ ಕಾಳು ಹಿಡಿದರೆ ದಿನಕ್ಕೆ 900 ಟನ್. ಗಾಡಿಗೆ ಹತ್ತು ಕ್ವಿಂಟಲ್ ಹೇರಿದರೂ ದಿನಾ 900 ಗಾಡಿ. ಎತ್ತಿಗೆ ಮೇವು, ಆನೆಗೆ ಸೊಪ್ಪು, ನೀರು ಬೇರೆ. ಆದ್ದರಿಂದ ಒಂಬತ್ತು ಲಕ್ಷ ಎಣಿಸಿ ಬರೆದ ಸಂಖ್ಯೆ ಅಲ್ಲ.

ಹಾಗಂತ ಅದು ಸುಳ್ಳು ಎಂದು ತಳ್ಳಿಹಾಕುವುದೂ ತಪ್ಪು. ಮೊದಲು ನಾನೂ ಹಾಗೇ ಮಾಡುತ್ತಿದ್ದೆ. ನೂರರಲ್ಲಿ ಒಂದು ಪಾಲು, ಒಂಬತ್ತು ಸಾವಿರ ಜನ ಬಂದಿದ್ದರೂ, ದಿನಕ್ಕೆ ಒಂಬತ್ತು ಟನ್ ಕಾಳು ಎಲ್ಲಿಂದ ಬರಬೇಕು? ದಾರಿಯ ಊರುಗಳ ಹಗೇವಿನಿಂದ. ದಂಡು ಗೆದ್ದರೂ ಸೋತರೂ ಹಗೇವು ಬರಿದು. ಬರೆಸಿದವನು ಸಂಖ್ಯೆಯನ್ನು ಉಬ್ಬಿಸಿರಬಹುದು, ಊರು ಉಪವಾಸ ಬಿದ್ದದ್ದು ಉಬ್ಬಿಸಿದ್ದಲ್ಲ. ಆಟದ ಮೇಜಿನ ಮೇಲೆ ಹಗೇವು ಇಲ್ಲ.

ಲೆಕ್ಕಕ್ಕೆ ಬಾರದ ದಳ

ಇನ್ನು ಈ ಬರಹಕ್ಕೆ ಕಾರಣವಾದ ಮಾತಿಗೆ ಬರುತ್ತೇನೆ. ನನ್ನ ಪಟ್ಟಿಯಲ್ಲಿ ಒಂದು ದಳ 'ಹೋರ್ಡ್'. ಸರಿಯಾದ ಆಯುಧ ಇಲ್ಲದೆ, ತರಬೇತಿ ಇಲ್ಲದೆ ಗುಂಪಾಗಿ ಬಂದ ಹಳ್ಳಿಯ ಜನ. ಭಾನುವಾರ ಬೆಳಗಿನ ಆಟದಲ್ಲಿ ಅವರು ಮೊದಲು ಬಿದ್ದರು. ನಾನು ನಷ್ಟದ ಕಡೆ ಒಂದು ಕಾಯಿ ಇಟ್ಟೆ. ಎದುರಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಅದನ್ನು ತೆಗೆದು ಕೈಗೆ ಕೊಟ್ಟ: "ಸರ್, ಹೋರ್ಡ್ ಹೋದ್ರೆ ಲೆಕ್ಕಕ್ಕಿಲ್ಲ." ನಿಯಮ ಹಾಗೇ ಇದೆ. ಸೋಲಿನ ನಾಲ್ಕು ದಳಗಳಲ್ಲಿ ಹೋರ್ಡ್ ಸೇರುವುದಿಲ್ಲ.

ಆಗ ನೆನಪಾದದ್ದು ಹಿಂದಿನ ತಿಂಗಳು ಶಹಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಕಂಡ ಕಲ್ಲು. ಹನುಮಪ್ಪನ ಗುಡಿಯ ಹಿಂದೆ, ಅರ್ಧ ಮಣ್ಣಲ್ಲಿ ಹೂತಿದ್ದು. ಕೆಳಗೆ ಬಿಲ್ಲು ಹಿಡಿದವನೊಬ್ಬ, ಅವನ ಹಿಂದೆ ಮೂರು ದನ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತದ್ದು. ಅಕ್ಷರ ಒಂದೂ ಇಲ್ಲ. ನಾನು ಟಾರ್ಚ್ ಹಿಡಿದು ಬಗ್ಗಿ ಹುಡುಕುತ್ತಿದ್ದಾಗ ಒಬ್ಬ ಮುತ್ಯಾ ಬಂದು ನಿಂತರು.

"ಏನ್ ಬರದಾರ್ರೀ ಅದರಾಗ?"

"ಏನೂ ಬರದಿಲ್ಲ ಮುತ್ಯಾ. ಯಾರ ಕಲ್ಲು ಇದು?"

"ಯಾರಿಗ್ಗೊತ್ತು. ದನಾ ಬಿಡಸ್ಲಿಕ್ಕ ಹೋಗಿ ಸತ್ತಾನಂತ ನಮ್ಮಜ್ಜ ಹೇಳ್ತಿದ್ದ. ನಾಗರ ಪಂಚಮಿಗಿ ಎಣ್ಣಿ ಹಚ್ಚತೀವಿ."

ಹೆಸರು ಹೋಗಿದೆ. ಕೆಲಸ ಉಳಿದಿದೆ. ತುಱುಗೊಳ್, ಪೆಣ್ಬುಯ್ಯಲ್, ಊರಳಿವು: ದನ ಹಿಡಿದದ್ದು, ಹೆಣ್ಣಿನ ಕೂಗು, ಊರು ಹಾಳಾದದ್ದು. ಕನ್ನಡ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಈ ಮಾತುಗಳಲ್ಲಿ ಸತ್ತವರು ಬಹುಪಾಲು ಇಂಥವರೇ. ಆಟದ ಭಾಷೆಯಲ್ಲಿ ಹೋರ್ಡ್. ಆದರೆ ಊರು ಅವರನ್ನೇ ಲೆಕ್ಕಕ್ಕೆ ಹಿಡಿಯಿತು. ಲೆಕ್ಕ ಅಂದರೆ ನಿಜವಾದ ಲೆಕ್ಕ, ಜಮೀನಿನ ಲೆಕ್ಕ: ನೆತ್ತರುಗೊಡಗೆ, ಬಾಳ್ಗಚ್ಚು, ಕಲ್ನಾಡು. ಹಲ್ಮಿಡಿ ಶಾಸನದಲ್ಲೇ ಕಾಳಗದಲ್ಲಿ ಹೋರಾಡಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳನ್ನು ಬಾಳ್ಗಚ್ಚಾಗಿ ಕೊಟ್ಟ ದಾಖಲೆ ಇದೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಹೀಗೆ ಯೋಧನಿಗೆ ಕೊಟ್ಟ ಜಮೀನಿನ ಪತ್ರ.

ಕೊನೆಯ ಆಟಕ್ಕೂ ರೈಲಿಗೂ ನಡುವೆ ಸಮಯ ಇತ್ತು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆ. ಅಲ್ಲಿ ಬೇಗೂರಿನ ವೀರಗಲ್ಲಿದೆ, ಗಂಗರ ಎಱೆಯಪ್ಪನ ಕಾಲದ್ದು. ಆನೆ, ಕುದುರೆ, ಬಿಲ್ಲುಗಾರರು ಒಬ್ಬರ ಮೇಲೊಬ್ಬರು ಬಿದ್ದು ಕಾದುವ ದೃಶ್ಯ. ಸಾಲಿಲ್ಲ, ದಳವಿಲ್ಲ, ನಮ್ಮ ಮೇಜಿನ ಅಚ್ಚುಕಟ್ಟು ಎಲ್ಲೂ ಇಲ್ಲ. ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ಕಾದುವಾಗ ಸೈನ್ಯ ಒಡೆಯಿತು. ನಾಗತ್ತರ ಆನೆಗಳ ನಡುವೆ ನುಗ್ಗಿ ಇರಿದು ಸತ್ತ. ಸೋಲನ್ನು ಕಲ್ಲು ಮುಚ್ಚಿಡುವುದಿಲ್ಲ. ನಂತರ ಎಱೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ. ಆ ಬೆಂಪೂರೇ ಇವತ್ತಿನ ಬೇಗೂರು.

ಮೇಲೆ ಹೇಳಿದ ಆತಕೂರಿನ ಕಲ್ಲೂ ಅಲ್ಲೇ ಇದೆ. ರಾಜಾದಿತ್ಯನ ಸಾವಿನ ಸುದ್ದಿ ಇರುವ ಆ ಕಲ್ಲು ನೆಟ್ಟದ್ದು ಮಾತ್ರ ಕಾಳಿ ಎಂಬ ನಾಯಿಗಾಗಿ. ಮಣಲೆರ ತನ್ನ ಒಡೆಯನಿಂದ ಮೆಚ್ಚಾಗಿ ಬೇಡಿ ಪಡೆದ ನಾಯಿ ಅದು. ಹಂದಿಯೊಡನೆ ಕಾದಿ ಎರಡೂ ಸತ್ತವು. ಕಲ್ಲಿಗೆ ಭೂಮಿ ಬಿಟ್ಟರು, ಅದನ್ನು ಪೂಜಿಸದೆ ಗೊರವ ಉಣ್ಣಬಾರದು ಎಂದೂ ಬರೆಸಿದರು. ನಾಯಿಯೂ ಲೆಕ್ಕಕ್ಕೆ ಬಂದಿದೆ.

ಇಷ್ಟಕ್ಕೇ ಹಿಗ್ಗಬಾರದು ಎಂಬ ಎಚ್ಚರವೂ ಬೇಕು. ವೀರಗಲ್ಲು ಬರೆಸುವುದಕ್ಕೆ ದುಡ್ಡು ಬೇಕು, ಕೊಡುವವನಿಗೆ ಕಾರಣ ಬೇಕು. ಮಗನಿಗೆ ಹೊಲ ಕೊಟ್ಟರೆ ಮುಂದಿನ ಸಲ ಇನ್ನೊಬ್ಬನ ಮಗ ಬಿಲ್ಲು ಹಿಡಿದು ಹೋಗುತ್ತಾನೆ. ಕೂಗಿದ ಹೆಣ್ಣಿನ ಹೆಸರು ಎಷ್ಟು ಕಲ್ಲುಗಳಲ್ಲಿದೆ? ಗಾಡಿ ಹೊಡೆದವನ, ಆನೆಗೆ ಸೊಪ್ಪು ತಂದವನ ಹೆಸರು? ಕಲ್ಲಿಗೂ ತನ್ನದೇ ಹೋರ್ಡ್ ಇದೆ. ಜೊತೆಗೆ ಎಲ್ಲೆಲ್ಲೂ ಸೈನ್ಯವನ್ನೇ ಕಾಣುವ ಚಾಳಿಯೂ ಕೆಟ್ಟದ್ದು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಅಳತೆ ಮಾಡಿದಂತೆ ಸಾಲುಸಾಲಾಗಿ ಇಟ್ಟಿದ್ದಾರೆ. ಆಟ ಕಲಿತ ಹೊಸತರಲ್ಲಿ ನನಗೆ ಅದು ದಂಡು ನಿಂತ ಹಾಗೇ ಕಂಡಿತ್ತು. ಆದರೆ ಅದು ಬೃಹತ್ ಶಿಲಾಯುಗದ ಜನರ ಕೆಲಸ, ಚಾಲುಕ್ಯರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನದು. ದಂಡಿಗೂ ಅದಕ್ಕೂ ಸಂಬಂಧವಿಲ್ಲ.

ಪಂದ್ಯದಲ್ಲಿ ನಾಲ್ಕು ಆಟ ಆಡಿ ಮೂರು ಸೋತೆ. ಊರಿಗೆ ಬಂದ ಮೇಲೆ ಸೇನಾಪತಿಯನ್ನು ಕುದುರೆಗೆ ಇಳಿಸಿದ್ದೇನೆ. ನಾನೂ ಗೆಳೆಯರೂ ಇಲ್ಲಿ ಮನೆಯಲ್ಲಿ ಆಡುವಾಗ ಹೋರ್ಡ್ ಬಿದ್ದರೂ ನಷ್ಟಕ್ಕೆ ಎಣಿಸುತ್ತೇವೆ. ಆಟ ನಿಧಾನವಾಗುತ್ತದೆ, ಹಳ್ಳಿಯವರನ್ನು ಮುಂದೆ ದೂಡಿ ಆನೆ ಉಳಿಸಿಕೊಳ್ಳುವ ಹಂಚಿಕೆ ನಡೆಯುವುದಿಲ್ಲ. ಒಬ್ಬ ಗೆಳೆಯ ಇದು ನಿಯಮ ಅಲ್ಲ ಅಂತ ಇನ್ನೂ ಜಗಳ ಆಡುತ್ತಾನೆ.

ಓದುಗರಲ್ಲಿ ಒಂದು ಕೋರಿಕೆ. ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಅಕ್ಷರ ಇಲ್ಲದ ವೀರಗಲ್ಲುಗಳು ಕಂಡರೆ ಅಕ್ಷರ ಇಲ್ಲ ಅಂತ ಬಿಟ್ಟು ಬರಬೇಡಿ. ನಾನು ಬಹಳ ವರ್ಷ ಆ ತಪ್ಪು ಮಾಡಿದ್ದೇನೆ. ಊರು, ಗುಡಿ, ದಿಕ್ಕು ಬರೆದುಕೊಳ್ಳಿ. ಎತ್ತರ ಅಗಲ ಅಳೆಯಿರಿ. ಬೆಳಗ್ಗೆ ಇಲ್ಲವೇ ಸಂಜೆ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಕೆಳಗಿನ ಪಟ್ಟಿಕೆಯಲ್ಲಿ ಎಷ್ಟು ಜನ, ಯಾವ ಆಯುಧ, ದನ ಎಷ್ಟು ಎಣಿಸಿ. ಹತ್ತಿರದ ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೇಳಿ. ನಾನು ಮುತ್ಯಾನ ಹೆಸರನ್ನು ಬರೆದುಕೊಂಡೆ, ಅವರ ಅಜ್ಜ ಹೇಳಿದ ಮಾತನ್ನೂ ಬರೆದುಕೊಂಡೆ. ಆ ಕಲ್ಲಿನ ಬಗ್ಗೆ ಸದ್ಯಕ್ಕೆ ಇರುವ ದಾಖಲೆ ಅಷ್ಟೇ.